ಹೊಸ್ತಿಲ ಕಾನೂನು

ಬೀಗದೊಳಗೆ ಕೀಲಿ ಹೋದ ಸದ್ದು ಇಬ್ಬರಿಗೂ ಕೇಳಿಸಿತು.

ಭಾವ ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ಸೋಫಾದ ಹಿಂದೆ ನುಸುಳಲು ಹೋದ. ಅದು ಗೋಡೆಗೆ ಅಷ್ಟೊಂದು ಅಂಟಿಕೊಂಡಿದೆ ಎಂದು ಅವನಿಗೆ ಗೊತ್ತಾದದ್ದು ಹೊಟ್ಟೆ ಸಿಕ್ಕಿಹಾಕಿಕೊಂಡ ಮೇಲೆ. ಭಾಮೈದ ಬೆಕ್ಕಿನ ಹೆಜ್ಜೆ ಹಾಕಿ ಬಾಗಿಲ ಕಿಂಡಿಗೆ ಕಣ್ಣಿಟ್ಟ. ನಡುಮಧ್ಯಾಹ್ನ. ಮೆಟ್ಟಿಲ ಬಳಿ ನರಪಿಳ್ಳೆ ಇಲ್ಲ. ಬಾಗಿಲೆದುರು ಮಾತ್ರ ಒಬ್ಬ.

“ದಪ್ಪಗಿದ್ದಾನೆ, ಭಾವ. ಹೆಗಲಲ್ಲಿ ಚೀಲ. ಒಬ್ಬನೇ.”

“ಒಳಗೆ ಬಂದ್ರೆ?”

“ಬಂದ್ರೆ ಹೊಡೀರಿ.”

“ಹೊಡೀರಿ ಅಂತೆ! ಸೊಳ್ಳೆ ಅಂದ್ಕೊಂಡ್ಯಾ? ನಿಮ್ಮಕ್ಕನಿಗೆ ಏಳು ತಿಂಗಳು. ಕೊಲೆ ಕೇಸಾದ್ರೆ ನನ್ನ ಮಗು ನನ್ನ ಮುಖ ನೋಡೋದು ಕಂಬಿ ಸಂದೀಲಿ ಕಣೋ.”

ಮಾತು ಸರಿಯಾಗಿತ್ತು. ಭಾಮೈದನಿಗೆ ಇಂಥ ಪ್ರಶ್ನೆ ಕೇಳಲು ಒಂದು ಜಾಗವೂ ಇತ್ತು. ‘ಆತ್ಮರಕ್ಷಣೆ ನಮ್ಮ ಹಕ್ಕು’ ಎಂಬ ಆನ್‌ಲೈನ್ ಗುಂಪು. ಹನ್ನೊಂದು ಸಾವಿರ ಸದಸ್ಯರು, ಓದಿದ್ದು ಏನೇ ಇರಲಿ, ಬರೆಯುವುದು ವಕೀಲರಂತೆ. ಅವನು ಮೊಬೈಲಿನ ಮೇಲೆ ಬೆರಳಾಡಿಸಿದ: “ತುರ್ತು. ನಾವಿಬ್ಬರು ಒಳಗಿದ್ದೀವಿ. ಹೊರಗೊಬ್ಬ ಬಾಗಿಲು ತೆಗೀತಿದ್ದಾನೆ. ನಮ್ಮ ಕೈಯಲ್ಲಿ ಪಿಸ್ತೂಲಿದೆ. ಹೊಡೆದ್ರೆ ಕೇಸಾಗುತ್ತಾ?”

ಕೀಲಿ ತಿರುಗಲಿಲ್ಲ. ಹೊರಗಿನವನು ಯಾಕೋ ಸುಮ್ಮನಾದ.

ಮೊದಲ ಉತ್ತರ ‘ಹೊಸ್ತಿಲ ಹುಲಿ’ಯದು. ಗುಂಪಿನ ಮಹಾಪಂಡಿತ. ಬಂದೂಕಿಗೆ ನಿಯಂತ್ರಣ ಬೇಕು ಎಂದವರನ್ನೆಲ್ಲ ನೀರಿಳಿಸಿ ಕಳಿಸಿದವನು.

“ಹೊಸ್ತಿಲು ದಾಟೋವರೆಗೂ ಕಾಯಿರಿ. ಹೊರಗೆ ಬಿದ್ದರೆ ಕೊಲೆ, ಒಳಗೆ ಬಿದ್ದರೆ ಆತ್ಮರಕ್ಷಣೆ. ಕಾಲು ಹೊರಗುಳಿದರೆ ಎಳೆದು ಒಳಗೆ ಹಾಕ್ಕೊಳ್ಳಿ.”

‘ನಿವೃತ್ತ ನರ್ಸ್’ ಎಂಬವರು ಮೈಮೇಲೆ ಬಿದ್ದರು. “ಯಾವ ಪುಸ್ತಕದಲ್ಲಿದೆಯಪ್ಪಾ ಈ ಕಾನೂನು? ಮೂವತ್ತು ವರ್ಷ ತುರ್ತು ವಾರ್ಡಲ್ಲಿದ್ದೆ. ಗುಂಡು ತಿಂದು ಬಂದವರಲ್ಲಿ ನಾನು ಕಳ್ಳರಿಗಿಂತ ಗಂಡಂದಿರನ್ನೇ ಜಾಸ್ತಿ ನೋಡಿದ್ದು. ಮಗೂ, ಪೊಲೀಸರಿಗೆ ಫೋನ್ ಮಾಡು.”

“ಪೊಲೀಸರು ಬೇಡ,” ಎಂದ ಭಾವ.

“ಹುಲೀನೂ ಬೇಡ ಅಂತಿದ್ದಾನೆ, ಭಾವ. ಅವರು ಬರೋ ಹೊತ್ತಿಗೆ ಹೆಣ ತಣ್ಣಗಾಗಿರುತ್ತಂತೆ.”

“ಯಾರ ಹೆಣ?”

“ಅದನ್ನ ಹೇಳಿಲ್ಲ.”

ಜಗಳ ಕಾವೇರಿತು. ತಲೆ ಒಳಗಿದ್ದು ಸೊಂಟ ಹೊರಗಿದ್ದರೆ ಏನು ಎಂದು ಒಬ್ಬ ಕೇಳಿದ. ಯಾವ ಕಡೆ ತೂಕ ಹೆಚ್ಚೋ ಆ ಕಡೆಯ ಕಾನೂನು ಎಂದ ಇನ್ನೊಬ್ಬ. ಮೂರನೆಯವನು ಮತದಾನವನ್ನೇ ಶುರುಮಾಡಿದ. ತಲೆಗೆ ನಾನೂರು ಮತ ಬಿದ್ದವು, ಸೊಂಟಕ್ಕೆ ಅರವತ್ತು. ಒಬ್ಬ ಎರಡಕ್ಕೂ ಹಾಕಿದ್ದಾನೆಂದು ಬೇರೆ ಗಲಾಟೆ.

ಹೊರಗಿನವನು ಕಂಬದಂತೆ ನಿಂತೇ ಇದ್ದ.

“ಮೊಬೈಲ್ ಒತ್ತುತಾ ಇದ್ದಾನೆ,” ಎಂದು ಭಾಮೈದ ಪಿಸುಗುಟ್ಟಿದ. “ಜನ ಕರೀತಿರಬೇಕು.”

“ಅವನ ಹತ್ರ ಕೀಲಿ ಇದೆ ಅಂತ ಬರೆದ್ಯಾ? ಅದರಿಂದ ಕೇಸು ಕೆಡುತ್ತಾ ಕೇಳು.”

ಭಾಮೈದ ಕೇಳಿದ.

“ಕೀಲಿ ಇದ್ದರೆ ಮನೆಯವನೇ ಇರಬಹುದಲ್ಲಪ್ಪಾ!” ಎಂದರು ನರ್ಸ್.

ಹುಲಿ ಗರ್ಜಿಸಿದ: “ಕೀಲಿ ಇದ್ದ ಮಾತ್ರಕ್ಕೆ ಮನೆ ಅವನದಾಗುತ್ತಾ? ನಕಲಿ ಕೀಲಿ ಐದು ನಿಮಿಷದ ಕೆಲಸ. ಒಳಗಿರೋನೇ ಯಜಮಾನ. ಕರುಣೆ ಬೇಡ.”

“ತಿಳಿದವನು ಕಣೋ,” ಎಂದ ಭಾವ. ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು.

“ನಿಮ್ಮ ಹಣೆಬರಹ,” ಎಂದು ಬರೆದು ನರ್ಸ್ ಗುಂಪು ಬಿಟ್ಟು ಹೋದರು. ಎದುರಾಳಿ ಇಲ್ಲದೆ ಹುಲಿಯೂ ತೆಪ್ಪಗಾದ. ಅದೇ ಹೊತ್ತಿಗೆ ಕೀಲಿ ಮತ್ತೆ ಅಲುಗಿತು.

ಭಾವ ಬಾಗಿಲಿಗೆ ಗುರಿಯಿಟ್ಟು ಟ್ರಿಗರ್ ಮೇಲೆ ಬೆರಳಿಟ್ಟು ಒತ್ತಿ ನೋಡಿದ. ಅದು ಕದಲಲಿಲ್ಲ.

“ಲೋ, ಇದು ಕಚ್ಚಿಕೊಂಡಿದೆ. ಏನೋ ಲಾಕ್ ಇರಬೇಕು. ಬೇಗ ಕೇಳೋ!”

ಭಾಮೈದ ಬರೆದ: “ಹುಲಿ ಸಾರ್, ಪಿಸ್ತೂಲು ಲಾಕ್ ಆಗಿದೆ. ಕಪ್ಪು ಬಣ್ಣ, ಹಿಡಿ ಮೇಲೆ ನಕ್ಷತ್ರ. ತೆಗೆಯೋದು ಹೇಗೆ?”

ಕೀಲಿ ಅರ್ಧಕ್ಕೇ ನಿಂತಿತು. ಉತ್ತರ ಉದ್ದವಾಗಿ ಬಂತು. ಭಾಮೈದ ಓದತೊಡಗಿದವನು ಬರಬರುತ್ತ ದನಿ ಇಳಿಸಿದ.

“ನಕ್ಷತ್ರದ್ದಾ? ಒಳ್ಳೇ ಮಾಲು. ನನ್ನದೂ ಅದೇ. ಆದರೆ ಲಾಕು ಎಡಕ್ಕೋ ಬಲಕ್ಕೋ, ನೋಡದೆ ಹೇಳೋಕಾಗಲ್ಲ. ಮಲಗೋ ಕೋಣೆ ಕಪಾಟಲ್ಲಿದೆ. ಊಟಕ್ಕೆ ಬಂದೋನು ಇಷ್ಟು ಹೊತ್ತು ಬಾಗಿಲಲ್ಲೇ ನಿಂತು ನಿಮಗೆ ಬರೀತಿದ್ದೀನಿ ನೋಡಿ. ಒಂದೇ ನಿಮಿಷ, ಒಳಗೆ ಹೋಗಿ ಫೋಟೋ ಹಾಕ್ತೀನಿ. ಅಲ್ಲೀವರೆಗೂ ಆ ಕಳ್ಳನನ್ನ ಹೇಗಾದರೂ ತಡೀರಿ.”

ಕೀಲಿ ಪೂರ್ತಿ ತಿರುಗಿತು. ಭಾಮೈದ ಬಾಗಿಲಿಗೆ ಬೆನ್ನು ಕೊಟ್ಟು, ಕಾಲನ್ನು ನೆಲಕ್ಕೆ ಊರಿ, ಒಂದೇ ಕೈಯಲ್ಲಿ ಬರೆದ:

“ಸಾರ್, ಒಳಗೆ ಬರಬೇಡಿ. ಕಪಾಟಲ್ಲಿ ಪಿಸ್ತೂಲಿಲ್ಲ.”