ಗಾಳಿಯಲ್ಲಿ ನಿಂತ ಚಕ್ರ

ಗೆರೆ ಎಳೆಯಲಾರದವನು ಹಾಳೆ ಡೊಂಕು ಅಂದನಂತೆ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

"ನಿಮ್ಮ ಎರಡನೇ ನಕ್ಷೆಯಲ್ಲಿ ಒಂದು ಹಲ್ಲಿನ ಚಕ್ರ ಗಾಳಿಯಲ್ಲಿ ನಿಂತಿದೆಯಲ್ಲ ಯಜಮಾನರೇ," ಎಂದಿತು ಫೋನು. "ಅದನ್ನ ಹಿಡ್ಕೊಂಡಿರೋರು ಯಾರು?"

"ದೇವರು ಹಿಡ್ಕೊಂಡಿದಾನೆ ಸ್ವಾಮಿ," ಎಂದು ಗಿಳಿ ಮುದುಕನ ದನಿ ತೆಗೆದು ಗೂರಲು ಕೆಮ್ಮು ಕೆಮ್ಮಿದ.

"ಹಾಗಿದ್ರೆ ದೇವರಿಗೂ ಒಂದು ನಂಬರು ಹಾಕಿ, ವಿವರಣೆಯಲ್ಲಿ ಸೇರಿಸಿ. ಆಗಲ್ಲ ಅಂದ್ರೆ ಚಕ್ರಕ್ಕೆ ಒಂದು ಅಚ್ಚು ಬರೆದು ಕಳಿಸಿ."

ಗಿಳಿ ಫೋನಿಟ್ಟ. ಪಕ್ಕದಲ್ಲಿ ಸೀಲಣ್ಣ ಬಾಯಿಗೆ ಕರವಸ್ತ್ರ ತುರುಕಿಕೊಂಡು ಹೊರಳಾಡುತ್ತಿದ್ದ. ಇವರಿದ್ದದ್ದು ಪೇಟೆಂಟ್ ಕಚೇರಿಯ ನೆಲಮಾಳಿಗೆಯ ಉಗ್ರಾಣದಲ್ಲಿ. ಅತ್ತ ಕಡೆ ಫೋನಿನಲ್ಲಿದ್ದವರು ಅದೇ ಕಚೇರಿಯ ಮಹಡಿಯ ಮೇಲೆ.

ಯಂತ್ರಗಳ ಅರ್ಜಿ ನೋಡುವ ಪರೀಕ್ಷಕರು ಅವರು. ನಕ್ಷೆಯಲ್ಲಿ ಒಂದು ಗೆರೆ ಮಸುಕಾಗಿದ್ದರೆ, ಏಳನೇ ನಂಬರಿನ ಭಾಗ ಒಂದು ಕಡೆ ಸ್ಪ್ರಿಂಗಾಗಿ ಇನ್ನೊಂದು ಕಡೆ ಸನ್ನೆಕೋಲಾಗಿದ್ದರೆ, 'ಅಸ್ಪಷ್ಟ' ಎಂದು ಅರ್ಜಿ ಹಿಂದಕ್ಕೆ. ಕಚೇರಿ ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಹಿಂದಕ್ಕೆ ಹೋಗುವ ಅರ್ಜಿಗಳಿಗೆ ಮುದ್ರೆ ಕುಟ್ಟಿ, ನಕ್ಷೆಯನ್ನು ನಾಲ್ಕು ಮಡಿಕೆ ಮಡಚಿ ಲಕೋಟೆಗೆ ತುಂಬುವವರು ಗಿಳಿ ಮತ್ತು ಸೀಲಣ್ಣ. ಇಬ್ಬರೂ ಹಂಗಾಮಿ ಗುಮಾಸ್ತರು.

ಈ ವರ್ಷ ಕಾಯಂ ಆಗಬೇಕಿತ್ತು. ಗಿಳಿಯ ಭಾವೀ ಮಾವನಂತೂ, "ಕಾಯಂ ಆದ ದಿನ ಬಾ, ಹೆಣ್ಣು ಕೊಡ್ತೀನಿ. ಅಲ್ಲೀವರೆಗೂ ಹೊಸಿಲು ತುಳೀಬೇಡ," ಅಂದಿದ್ದ. ದೊಡ್ಡ ಸಾಹೇಬರು ಸಹಿಗೆಂದು ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದರು. ಪದ್ಧತಿಯಂತೆ ಭೂತಗನ್ನಡಿಯ ಅಭಿಪ್ರಾಯ ಕೇಳಿದರು. "ಈ ಇಬ್ಬರು ಇಲ್ಲಿ ಏಕಿದ್ದಾರೆ ಎಂಬುದು ಅಸ್ಪಷ್ಟ," ಎಂದಿತು ಭೂತಗನ್ನಡಿ. ಪೆನ್ನಿಗೆ ಮತ್ತೆ ಮುಚ್ಚಳ ಬಿತ್ತು.

ಆ ಸಿಟ್ಟಿಗೆ ಹುಟ್ಟಿದವನು ಈ ಕೆಮ್ಮುವ ಮುದುಕ ಅರ್ಜಿದಾರ. ದನಿ ಗಿಳಿಯದು, ಕೈಬರಹ ಸೀಲಣ್ಣನದು. ಅವನ ಯಂತ್ರವೂ ತಯಾರಾಯಿತು: ಒಂದು ಕಡೆ ಹಾಳೆ ತೂರಿಸಿದರೆ ಅದು ಮುದ್ರೆ ಒತ್ತಿ, ಮಡಚಿ, ಇನ್ನೊಂದು ಕಡೆ ಉಗಿಯುತ್ತದೆ. ಓದುವುದಿಲ್ಲ, ಯೋಚಿಸುವುದಿಲ್ಲ, ಕನಿಕರಿಸುವುದಿಲ್ಲ. ಸಾಕ್ಷಾತ್ ಭೂತಗನ್ನಡಿಯೇ. ಚಕ್ರಗಳನ್ನು ಸೀಲಣ್ಣ ಟೀ ಲೋಟ ಬೋರಲು ಹಾಕಿ ಬರೆದಿದ್ದ. ಒಂದು ಚಕ್ರಕ್ಕೂ ಇನ್ನೊಂದಕ್ಕೂ ಅತ್ತೆ ಸೊಸೆಯಷ್ಟೇ ನಂಟು. ಇಂಥದ್ದಕ್ಕೆ ಮಂಜೂರಾತಿ ಸಿಕ್ಕ ದಿನವೇ ಸಾಹೇಬರ ಮುಂದೆ ಗುಟ್ಟು ಒಡೆಯುವುದು. ಭೂತಗನ್ನಡಿ ಮುಖ ಮುಚ್ಚಿಕೊಂಡು ವರ್ಗ ಮಾಡಿಸಿಕೊಳ್ಳುತ್ತದೆ. ಪೆನ್ನಿನ ಮುಚ್ಚಳ ಮತ್ತೆ ತೆರೆಯುತ್ತದೆ.

ಆಕ್ಷೇಪಣೆಗಳು ಬಂದವು. ಸನ್ನೆಕೋಲು ಮೇಲೇರುವುದು ಕಾಣುತ್ತದೆ, ಇಳಿಯುವುದು ಹೇಗೆ? ಸೀಲಣ್ಣ ಒಂದು ಸ್ಪ್ರಿಂಗು ಬರೆದ. ಪೆಟ್ಟಿಗೆಯ ಒಳಗೇನಿದೆ? ಅಡ್ಡಕ್ಕೆ ಕೊಯ್ದಂತೆ ತೋರಿಸಿದ. ಎರಡು ಹಾಳೆ ಅಂಟಿಕೊಂಡು ಬಂದರೆ? ಅದಕ್ಕೊಂದು ರಬ್ಬರಿನ ಉರುಳೆ, ಅದಕ್ಕೊಂದು ನಂಬರು. ಬೇರೆ ಅರ್ಜಿದಾರರಿಗೆ ಒಂದೇ ಸಾಲು ಗೀಚಿ ಬಿಸಾಡುತ್ತಿದ್ದ ಭೂತಗನ್ನಡಿ ಈ ಮುದುಕನಿಗೆ ಮಾತ್ರ ಅಳತೆ ಸಮೇತ ಹೇಳಿಕೊಡುತ್ತಿತ್ತು.

"ನಿನ್ನ ಕೆಮ್ಮಿಗೆ ಕಲ್ಲು ಕರಗಿದೆ ಕಣೋ," ಎಂದ ಸೀಲಣ್ಣ.

"ಕರಗಲಿ. ಆಮೇಲೆ ಬಳಿದು ಹೊರಗೆ ಚೆಲ್ಲೋಣ."

ಕೊನೆಗೊಂದು ಫೋನು ಬಂತು.

"ಒಂದೇ ಒಂದು ಅಸ್ಪಷ್ಟ ಉಳಿದಿದೆ ಯಜಮಾನರೇ. ಈ ಯಂತ್ರ ಯಾರ ಕೆಲಸ ಮಾಡುತ್ತೆ?"

ಗಿಳಿ ಮಹಡಿಯ ಕಡೆಗೆ ಕಣ್ಣು ಹೊಡೆದ. "ಕೂತಲ್ಲೇ 'ಅಸ್ಪಷ್ಟ' ಅಂತ ಮುದ್ರೆ ಕುಟ್ಟೋರ ಕೆಲಸ ಸ್ವಾಮಿ. ಇದು ಸಂಬಳ ಕೇಳಲ್ಲ, ರಜಾ ಕೇಳಲ್ಲ."

"ಒಬ್ಬರದೋ, ಇಬ್ಬರದೋ?"

"ಇಬ್ಬರದು ಅಂತಾನೇ ಇಟ್ಕೊಳ್ಳಿ."

"ಹಾಗೇ ಬರೆದು ಕಳಿಸಿ. ಇದೇ ಮಾತಲ್ಲಿ."

ಕಳಿಸಿದರು. ಮಂಜೂರಾತಿ ಸಿಕ್ಕಿತು.

ದೊಡ್ಡ ಸಾಹೇಬರ ಕೋಣೆಯಲ್ಲಿ ಎಲ್ಲರೂ ಸೇರಿದ್ದ ಹೊತ್ತು ನೋಡಿ ಗಿಳಿ ಒಳಗೆ ನುಗ್ಗಿದ. ಬೆನ್ನು ಬಗ್ಗಿಸಿದ, ಕೆಮ್ಮಿದ, "ದೇವರು ಹಿಡ್ಕೊಂಡಿದಾನೆ ಸ್ವಾಮಿ," ಎಂದ. ಆಮೇಲೆ ನೆಟ್ಟಗೆ ನಿಂತು ಕಥೆಯನ್ನೆಲ್ಲ ಬಿಚ್ಚಿದ. ಕೋಣೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಭೂತಗನ್ನಡಿ ಮೆಲ್ಲಗೆ ಕೇಳಿತು. "ಅಂದ್ರೆ, ಅರ್ಜಿದಾರ ಅಂತ ಯಾರೂ ಇಲ್ಲ?"

"ಹುಟ್ಟೇ ಇಲ್ಲ ಸಾರ್."

"ಯಂತ್ರದ ಹಕ್ಕು ನಿಮಗೂ ಬೇಡ?"

"ಆ ತಗಡಿನ ಹಕ್ಕು ಯಾರಿಗೆ ಬೇಕು ಸಾರ್. ಯಾರಾದ್ರೂ ಮಾಡಿಕೊಳ್ಳಲಿ, ಬಿಡಲಿ."

"ಈಗ ಸ್ಪಷ್ಟವಾಯ್ತು," ಎಂದು ಭೂತಗನ್ನಡಿ ಸಾಹೇಬರ ಮುಖ ನೋಡಿತು. ಸಾಹೇಬರು ಆಗಲಿ ಎಂಬಂತೆ ತಲೆಯಾಡಿಸಿದರು. ಆಗ ಅದು ನಕ್ಕಿತು. ಆ ಕಚೇರಿಯಲ್ಲಿ ಯಾರೂ ಕಂಡಿರದ ನಗು, ಹೊಟ್ಟೆ ಹಿಡಿದು, ಮೇಜು ಗುದ್ದಿ. "ಹೊರಗಿನೋರು ನಕ್ಷೆಯನ್ನ ಸುರುಳಿ ಸುತ್ತಿ ಕಳಿಸ್ತಾರೆ ಮಕ್ಕಳಾ," ಎಂದಿತು ನಗುವಿನ ನಡುವೆ. "ನಾಲ್ಕು ಮಡಿಕೆ ಹಾಕೋರು ಲೋಕದಲ್ಲಿ ಇಬ್ಬರೇ."

ಗಿಳಿಯ ನಗು ಅರ್ಧಕ್ಕೆ ನಿಂತಿತು. ಗೊತ್ತಿದ್ದೂ ಮಂಜೂರು ಮಾಡಿದ್ದು ಏಕೆ? ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ ಒಬ್ಬ ಫಿಟ್ಟರ್ ನಿಂತಿದ್ದ. ಸೀಲಣ್ಣನೂ ನಗು ನಿಲ್ಲಿಸಿದ. ಒಬ್ಬೊಬ್ಬರೇ ಎಲ್ಲರೂ ನಿಲ್ಲಿಸಿದರು. ಭೂತಗನ್ನಡಿ ಮಾತ್ರ ನಗುತ್ತಲೇ ಇತ್ತು. ಫಿಟ್ಟರ್ ದನಿ ಎತ್ತರಿಸಿ ಹೇಳಬೇಕಾಯಿತು:

"ಕೆಳಗೆ ಉಗ್ರಾಣದಲ್ಲಿ ಯಂತ್ರ ಕೂರಿಸಿ ಆಯ್ತು ಸಾರ್, ನಕ್ಷೆ ಅಷ್ಟು ಸ್ಪಷ್ಟ ಇತ್ತು, ಒಂದು ಅನುಮಾನಾನೂ ಬರಲಿಲ್ಲ, ಅಲ್ಲಿದ್ದ ಎರಡು ಕುರ್ಚಿ ಎಲ್ಲಿ ಹಾಕಲಿ?"