ಕುಂಕುಮದ ಕೋಳಿ

ವೈಕುಂಠ ಟ್ರಾಬಾಂಟ್ ಕಾರಿನ ಬಾಗಿಲು ತೆಗೆದೇಬಿಟ್ಟರು. ಮುಟ್ಟಬಾರದೆಂಬ ಫಲಕ ಅವರ ಕಣ್ಣಿಗೆ ಬೀಳಲಿಲ್ಲ.

"ಕೂತ್ಕೋ ಜಯಂತಿ. ಇಂಥದ್ರಲ್ಲೇ ಅಲ್ವಾ ನಾವು ಹೋದದ್ದು?"

ಅವಳು ಸುತ್ತ ನೋಡಿ, ಮೆಲ್ಲಗೆ ಬಾಗಿಲು ಮುಚ್ಚಿದಳು.

ಪೂರ್ವ ಜರ್ಮನಿಯ ಕಾರು, ಅಡಿಗೆಮನೆ ಸಾಮಾನುಗಳ ಮ್ಯೂಸಿಯಮ್ಮೊಂದು ಡ್ಯಾನ್‌ವಿಲ್‌ನ ಆಚೆ ಹಳೆಯ ಗೋದಾಮಿನಲ್ಲಿದೆ ಎಂದು ಪೇಪರಿನಲ್ಲಿ ಓದಿದಾಗಿನಿಂದ ವೈಕುಂಠರಿಗೆ ಇದೊಂದೇ ಹಂಬಲ. ಮದುವೆಯಾದ ಹೊಸತರಲ್ಲಿ ಅವರು ಎಂಜಿನಿಯರಿಂಗ್ ತರಬೇತಿಗೆಂದು ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದರು. ಜಯಂತಿಯೂ ಜೊತೆಗಿದ್ದಳು. ಅಮೆರಿಕಕ್ಕೆ ಬಂದದ್ದು, ಸೋನಾಲಿ ಹುಟ್ಟಿದ್ದು ಎಲ್ಲ ಆಮೇಲೆ. ಹಳೆಯ ವಸ್ತುಗಳನ್ನು ಕಂಡರೆ ನೆನಪು ಮರಳಬಹುದೆಂದು ಡಾಕ್ಟರು ಹೇಳಿದ್ದನ್ನು ಅವರೇ ಕಿವಿಯಾರೆ ಕೇಳಿದ್ದರು.

ಅವಳಿಗೋ ಒಂದು ಚೂರೂ ನೆನಪಿಲ್ಲ. ಕಾಯಿಲೆ ಮಾತನ್ನೂ ಕಸಿದುಕೊಂಡಿರಬೇಕು. ಉಡುಪಿಯ ಹೆಣ್ಣು, ಈಗ ಕನ್ನಡಕ್ಕೆ ತಡವರಿಸಿ ಇಂಗ್ಲಿಷಿಗೆ ಜಾರುತ್ತಿದ್ದಳು. "ರೀ" ಎಂದು ಕರೆಯುವುದನ್ನೂ ಬಿಟ್ಟಿದ್ದಳು. ಬಾಗಿಲಲ್ಲಿ ಟಿಕೆಟಿನವನು ಹಿರಿಯರ ಟಿಕೆಟ್ ಕೊಟ್ಟದ್ದು ವೈಕುಂಠರಿಗೆ ಮಾತ್ರ. ಎಲ್ಲ ಮರೆತವರಿಗೆ ಮುಪ್ಪೂ ಬಾರದೇನೋ ಎಂದು ಅವರು ನಿಟ್ಟುಸಿರಿಟ್ಟಿದ್ದರು.

ಮಗಳಾದರೂ ಜೊತೆಗಿರಬಾರದಿತ್ತೇ? ಸ್ಯಾನ್ ಫ್ರಾನ್ಸಿಸ್ಕೋದ ಯಾವುದೋ ಡಾಟ್‌ಕಾಮ್ ಸೇರಿದ ಮೇಲೆ ಸೋನಾಲಿ ಇತ್ತ ತಲೆ ಹಾಕಿರಲಿಲ್ಲ. ಊರೆಲ್ಲ ಷೇರು, ಸ್ಟಾರ್ಟಪ್ಪು ಎಂದು ಓಡುತ್ತಿತ್ತು. ಅವಳೂ ಅದರ ಹಿಂದೆ. ತಾಯಿಗೆ ಹೀಗಾಗಿರುವಾಗ ಒಂದು ಫೋನಾದರೂ ಬೇಡವೇ?

ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಕೋಳಿಗಳು ಸಾಲಾಗಿ ಕೂತಿದ್ದವು, ಬೆನ್ನು ಬಟ್ಟಲಿನಂತೆ ತೋಡಿದಂಥವು. ವೈಕುಂಠರ ಮುಖ ಅರಳಿತು.

"ಇದು ಎಂತ ಹೇಳು ನೋಡುವ?"

"ಸಾಲ್ಟ್ ಇಡೋದಾ?"

ಬೇಯಿಸಿದ ಮೊಟ್ಟೆ ಇಡುವ ಬಟ್ಟಲು ಅದು. ಮೊಟ್ಟೆ ಮುಟ್ಟದ ಜಯಂತಿ ಅದರಲ್ಲಿ ಕುಂಕುಮ ತುಂಬಿಸಿ ದೇವರ ಮುಂದೆ ಇಟ್ಟಿದ್ದಳು. ಅದನ್ನು ಕಂಡು ಪಕ್ಕದ ಮನೆಯ ಜರ್ಮನ್ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆ ಅಜ್ಜಿಯ ಕಾರನ್ನೇ ಇವರು ಎರವಲು ಪಡೆದದ್ದು. ಹಿಮದಲ್ಲಿ ಅದು ಹೂತಾಗ ಜಯಂತಿ ಸೀರೆ ಎತ್ತಿ ಕಟ್ಟಿ ತಳ್ಳಿದ್ದಳು.

ವೈಕುಂಠ ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿ ಬಂತು.

"ನೆನಪಾಯ್ತಾ?"

"ಇಲ್ಲ. ಇನ್ನೊಂದ್ಸಲ ಹೇಳಿ, ಪ್ಲೀಸ್."

ಅವರಿಗೆ ಹೇಳುವ ತ್ರಾಣ ಉಳಿದಿರಲಿಲ್ಲ. ಹೊರಗೆ ಬಂದಾಗ ಬಿಸಿಲಿಗೆ ಗುಡ್ಡಗಳು ಒಣಗಿ ಹಳದಿಯಾಗಿದ್ದವು. ಅವಳು ಅವರನ್ನು ಕಾರಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ತಾನು ಸ್ಟಿಯರಿಂಗಿನ ಮುಂದೆ ಕೂತಳು. ಕಾರು ಶುರು ಮಾಡಲಿಲ್ಲ.

"ನಾನು ಯಾರು ಅಂತಾದ್ರೂ ಗೊತ್ತುಂಟಾ ನಿಂಗೆ?" ಎಂದು ವೈಕುಂಠ ಕೇಳಿದರು.

ಅವಳು ಕೀಲಿಯಿಂದ ಕೈ ತೆಗೆದು ಅವರತ್ತ ತಿರುಗಿದಳು.

"ಗೊತ್ತು, ಅಪ್ಪ. ನಾನು ಸೋನಾಲಿ. ಅಮ್ಮ ಹೋಗಿ ಎರಡು ವರ್ಷ ಆಯ್ತು."

ವೈಕುಂಠ ಅವಳ ತಲೆ ನೇವರಿಸಿದರು. ಪಾಪ, ಜಯಂತಿ ಇವತ್ತು ತನ್ನ ಹೆಸರನ್ನೂ ಮರೆತಿದ್ದಳು.