ಎಡಗೈಯ ಗಂಟು

"ಲಕ್ವ ಹೊಡೆದಿರೋದು ಬಲಗೈಗೆ. ನೆಟ್ಟಗಿರೋ ಎಡಗೈನ ಯಾಕಮ್ಮ ಕಟ್ಟಾಕಿದೀಯಾ? ಅವನೇನು ದನನಾ?" ಬೋರಣ್ಣ ರೇಗುತ್ತ, ರೇಷ್ಮೆ ಮಗ್ಗದಲ್ಲಿ ಕೂತಿದ್ದ ತಮ್ಮ ಪೆನ್ನಪ್ಪನ ಎಡಗೈಯನ್ನು ಸೊಂಟಕ್ಕೆ ಬಿಗಿದಿದ್ದ ಟವೆಲ್ಲಿನ ಗಂಟಿಗೆ ಕೈ ಹಾಕಿದ.

"ಹೊಸದಾಗಿ ಕಂಡುಹಿಡಿದವ್ರಂತೆ, ಭಾವ. ಒಳ್ಳೆ ಕೈ ಸುಮ್ನಿದ್ರೆ ಮೆದುಳು ಸೋತ ಕೈಗೆ ಮತ್ತೆ ಕೆಲ್ಸ ಕಲಿಸ್ತೈತಂತೆ. ಚಳ್ಳಕೆರೆ ಡಾಕ್ಟ್ರು ಹೇಳವ್ರೆ," ಎಂದಳು ಪೆನ್ನಪ್ಪನ ಹೆಂಡತಿ ರಾಧಮ್ಮ.

ಬೋರಣ್ಣ ಗಂಟು ಬಿಚ್ಚಿಯೇಬಿಟ್ಟ. ಎಡಗೈ ತಾನಾಗಿ ಲಾಳಿಯತ್ತ ಚಾಚಿತು. ಪೆನ್ನಪ್ಪ ಅಣ್ಣನನ್ನೇ ದಿಟ್ಟಿಸುತ್ತ ಅದನ್ನು ಹಿಂದಕ್ಕೆಳೆದು, ತೊಡೆಯಡಿ ತುರುಕಿ, ಅದರ ಮೇಲೇ ಕೂತ. ಆಮೇಲೆ ಬಲಗೈ ನಡುಗುತ್ತ ಎದ್ದು ಲಾಳಿಯನ್ನು ಹಿಡಿಯಿತು. ಮರುಕ್ಷಣವೇ ಲಾಳಿ ಜಾರಿ ನೆಲಕ್ಕೆ ಬಿತ್ತು.

ಎತ್ತಿಕೊಡಲು ಬೋರಣ್ಣ ಬಗ್ಗಿದ.

"ಮುಟ್ಬ್ಯಾಡಣ್ಣ," ಸೊಟ್ಟಗಾಗಿದ್ದ ಬಾಯಲ್ಲೇ ಪೆನ್ನಪ್ಪ ಗದರಿದ. "ಬೀಳಿಸಿದ ಕೈಯೇ ಎತ್ಲಿ."